ಆಡು ಮುಟ್ಟದ ಬೇಲಿ ಬೇಕಂತ!

ಈ ವಾರ ಬಂದ ಪತ್ರಗಳಲ್ಲಿ ಎರಡು ಬೇಲಿಯ ವಿಷಯದ್ದೇ ಇವೆ. ಒಂದು ಬನಹಟ್ಟಿಯಿಂದ, ಏಳನೇ ಇಯತ್ತೆಯ ಹುಡುಗಿಯದು. ಅವಳ ಮಾತಿನಲ್ಲೇ ಕೇಳಿ:

"ಅಜ್ಜಾರ, ನಮ್ಮದು ಊರ ಹೊರಗ ಹೊಸಾ ಮನಿ. ಪಡುವಲಕ್ಕ 60 ಫೂಟು ಜಾಳಿ ತಂತಿ ಬೇಲಿ ಐತಿ. ಮಧ್ಯಾಹ್ನ ಆದ್ರ ಪಡಸಾಲ್ಯಾಗ ಕುಂದ್ರಾಕ ಆಗೂದಿಲ್ಲ, ಅಷ್ಟು ಬಿಸಲು. ಹನ್ನೆರಡೂ ತಿಂಗಳು ಹಸಿರು ಇರೂ ಹಂಬು ಯಾವುದು ಹೇಳ್ರಿ. ಕಣಗಲ ಹಚ್ರಿ, ಆಡು ಮುಟ್ಟೂದಿಲ್ಲ ಅಂತ ಸಸಿ ಮಾರಾವ್ರು ಹೇಳ್ಯಾರ. ನಮ್ಮಜ್ಜಿ ಎರಡು ಆಡು ಸಾಕ್ಯಾಳ. ನಮ್ಮ ತಮ್ಮಗ ಮೂರು ವರ್ಷ, ಸಿಕ್ಕದ್ದೆಲ್ಲಾ ಬಾಯಾಗ ಹಾಕ್ಕೋತಾನ."

ಇನ್ನೊಂದು ಪತ್ರ ಮುಧೋಳದ ಅಜ್ಜಿಯೊಬ್ಬರದು. ಅವರ ಮಗ ಇಂಗ್ಲೆಂಡಿನಲ್ಲಿ ಮನೆ ಮಾಡಿದ್ದಾನೆ. ಅಲ್ಲಿಯ ಬೇಲಿಗೆ ಬಿಸಿಲೂ ಬೀಳುತ್ತದೆ, ಚಳಿಗಾಲದಲ್ಲಿ ಹಿಮವೂ ಕೂಡುತ್ತದೆ. ಸದಾ ಹಸಿರಿರುವ ಬಳ್ಳಿ ಅಲ್ಲಿಗೆ ಯಾವುದು ಎಂದು ಮೊಮ್ಮಗ ಫೋನಿನಲ್ಲಿ ಅಜ್ಜಿಯನ್ನು ಕೇಳಿದ, ಅಜ್ಜಿ ನನ್ನನ್ನು ಕೇಳಿದ್ದಾರೆ.

ಮಕ್ಕಳೇ, ಮೊದಲು ಬನಹಟ್ಟಿಯ ಹುಡುಗಿಗೆ ಉತ್ತರ. ತಂಗೀ, ಕಣಗಲ ಬೇಡವೇ ಬೇಡ. ಅದು ಚಂದದ ಗಿಡ ಹೌದು. ವರ್ಷಪೂರ್ತಿ ಹಸಿರು, ನೀರು ಕಡಿಮೆಯಾದರೂ ತಡೆಯುತ್ತದೆ, ಸವಳು ಮಣ್ಣಿಗೂ ಅಂಜುವುದಿಲ್ಲ. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಗುಲಾಬಿ ಬಣ್ಣದ ಹೂ ಬಿಟ್ಟು ನಿಂತಿರುವುದು ಅದೇ. ಶಿವನ ಪೂಜೆಗೂ ಬೇಕು. ಆದರೆ ಅದರ ಎಲೆ, ಹೂ, ತೊಗಟೆ, ಬೇರು ಎಲ್ಲವೂ ವಿಷ. ಆ ವಿಷ ನೇರ ಹೃದಯದ ಬಡಿತವನ್ನು ಕೆಡಿಸುತ್ತದೆ. ಹಸಿ ಕಣಗಲವನ್ನು ಆಡು ಕಹಿಗೆ ಬಿಡಬಹುದು. ಬೇಲಿ ಕತ್ತರಿಸಿದ ಟೊಂಗೆ ಒಣಗಿ ಮೇವಿನಲ್ಲಿ ಸೇರಿತೆಂದರೆ ಅದಕ್ಕೆ ಗುರುತು ಸಿಗುವುದಿಲ್ಲ, ಒಣಗಿದರೂ ವಿಷ ಹೋಗಿರುವುದಿಲ್ಲ. ಮೂರು ವರ್ಷದ ತಮ್ಮನ ಮಾತು ಬೇರೆ ಹೇಳಬೇಕೇ?

"ಆಡು ಮುಟ್ಟದ ಸೊಪ್ಪಿಲ್ಲ" ಎಂದು ಹಿರಿಯರು ಹೇಳುತ್ತಾರೆ. ಹಾಗಾದರೆ ಆಡೇ ಮುಟ್ಟುವುದಿಲ್ಲ ಎಂದು ಯಾರಾದರೂ ಒಂದು ಗಿಡವನ್ನು ಹೊಗಳಿದರೆ, ಏಕೆ ಮುಟ್ಟುವುದಿಲ್ಲ ಎಂದು ಕೇಳಬೇಕು. ಮುಳ್ಳಿಗೋ, ಕಹಿಗೋ, ವಿಷಕ್ಕೋ? ಮೊದಲ ಎರಡಾದರೆ ತರಬಹುದು. ಮೂರನೆಯದಾದರೆ ಮಕ್ಕಳಿರುವ ಮನೆಗೆ ಬೇಡ.

ಮನೆಯಲ್ಲಿ ಈಗಾಗಲೇ ದೊಡ್ಡ ಕಣಗಲದ ಗಿಡ ಇರುವ ಅಜ್ಜಂದಿರು ಇವತ್ತೇ ಕೊಡಲಿ ಹಿಡಿಯಬೇಕಿಲ್ಲ. ಕತ್ತರಿಸಿದ್ದನ್ನು ಮೇವಿನ ಹತ್ತಿರ ಒಗೆಯಬೇಡಿ, ಒಲೆಗೆ ಹಾಕಬೇಡಿ, ಹೂ ಕಿತ್ತ ಮೇಲೆ ಕೈ ತೊಳೆಯಿರಿ. ಮಗು ಎಲೆ ಅಗಿದಿದೆ ಅನಿಸಿದರೆ ಮನೆಮದ್ದು ಮಾಡುತ್ತ ಕೂಡದೆ, ಒಂದು ಟೊಂಗೆಯನ್ನೂ ಹಿಡಿದುಕೊಂಡು ದವಾಖಾನೆಗೆ ಓಡಿ.

ಬೇಲಿಯ ಹಂಬುಗಳಲ್ಲಿ ಇನ್ನೊಂದು ಎಚ್ಚರಿಕೆಯದು ಗುಲಗಂಜಿ. ಕೆಂಪು ಮೈ, ಕರಿ ತಲೆಯ ಆ ಬೀಜ ಯಾವ ಮಗುವಿಗೆ ಬೇಡ? ನಮ್ಮ ಪತ್ತಾರರು ಬಂಗಾರ ತೂಗುತ್ತಿದ್ದದ್ದು ಇದರಿಂದಲೇ. 8 ಗುಂಜಿಗೆ 1 ಮಾಸಿ, 12 ಮಾಸಿಗೆ 1 ತೊಲಿ. ಒಟ್ಟು 96 ಗುಂಜಿ ಸೇರಿದರೆ 11.66 ಗ್ರಾಂ. ಒಂದು ಗುಂಜಿ ಎಷ್ಟಾಯಿತು, ನೀವೇ ಭಾಗಿಸಿ ನೋಡಿ. ಬ್ಯಾಂಕಿನಲ್ಲಿ ಬಂಗಾರದ ಸಾಲದ ಟೇಬಲ್ಲಿನಲ್ಲಿ ಕುಳಿತಿದ್ದಾಗ, ಹಳೆಯ ಮಂದಿ ಗ್ರಾಂ ಬಿಟ್ಟು ತೊಲಿ-ಗುಂಜಿಯಲ್ಲೇ ಲೆಕ್ಕ ಹೇಳುತ್ತಿದ್ದರು. ಆ ಬೀಜವನ್ನು ಅಗಿದರೆ ಮಾತ್ರ ಜೀವಕ್ಕೇ ಅಪಾಯ. ಸರ ಮಾಡಲು ತೂತು ಕೊರೆದ ಬೀಜ ಇನ್ನೂ ಕೆಟ್ಟದ್ದು. ಅದು ಡಬ್ಬಿಯಲ್ಲಿರಲಿ, ಬೇಲಿಯಲ್ಲಿ ಬೇಡ.

ಇಷ್ಟು ಬೇಡ ಅಂದಮೇಲೆ ಬೇಕಾದದ್ದು ಹೇಳಬೇಕಲ್ಲ. ಹೆಸರು ಹೇಳುವ ಮೊದಲು ಕಾಲ ಕೆಳಗಿನ ಮಣ್ಣು ನೋಡೋಣ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಮಳೆ ವರ್ಷಕ್ಕೆ ಸರಾಸರಿ 600 ಮಿ.ಮೀ. ಕೂಡ ಇಲ್ಲ. ಅದರಲ್ಲೂ ಸೆಪ್ಟೆಂಬರಿನದೇ ದೊಡ್ಡ ಪಾಲು. ಕೃಷ್ಣಾ, ಘಟಪ್ರಭಾ ನದಿಗಳ ಮತ್ತು ಕಾಲುವೆಗಳ ನೀರು ಬಂದ ಮೇಲೆ ಕಬ್ಬು ಬಂತು. ಎರಿ ಮಣ್ಣಿನಲ್ಲಿ ನೀರು ಬಸಿಯದೆ ನಿಂತ ಕಡೆ ಸವಳು-ಜವಳೂ ಬಂತು. ಬೇಸಿಗೆಯಲ್ಲಿ ನಿಮ್ಮ ಅಂಗಳದ ಮಣ್ಣಿನ ಮೇಲೆ ಬಿಳಿ ಪುಡಿ ಉದುರಿದಂತೆ ಕಂಡರೆ ಅದು ಉಪ್ಪು. ಬೋರಿನ ನೀರಿಗೆ ಬಕೆಟ್ಟಿನ ಒಳಮೈ ಬೆಳ್ಳಗಾಗುತ್ತದಲ್ಲ, ಅಲ್ಲಿಯೂ ನೀರಿನಲ್ಲಿ ಕರಗಿದ ಲವಣಗಳೇ.

ಉಪ್ಪು ಗಿಡಕ್ಕೆ ಏನು ಮಾಡುತ್ತದೆ? ಅಡಿಗೆಮನೆಗೆ ಹೋಗಿ ಸೌತಿಕಾಯಿಯ ಎರಡು ಹೋಳು ಮಾಡಿ, ಒಂದಕ್ಕೆ ಉಪ್ಪು ಹಚ್ಚಿ ಹತ್ತು ನಿಮಿಷ ಬಿಡಿ. ಉಪ್ಪು ಹಚ್ಚಿದ ಹೋಳು ನೀರು ಬಿಟ್ಟು ಮೆತ್ತಗಾಗುತ್ತದೆ. ಕೋಸಂಬರಿಗೆ ಕೊನೆಯಲ್ಲಿ ಉಪ್ಪು ಹಾಕು ಎಂದು ಅಜ್ಜಿ ಹೇಳುವುದು ಇದಕ್ಕೇ. ಸವಳು ಮಣ್ಣಿನಲ್ಲಿ ಬೇರಿನ ಪಾಡೂ ಇದೇ. ಸುತ್ತ ನೀರು ನಿಂತಿದೆ, ಆದರೆ ಉಪ್ಪು ಆ ನೀರನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಬೇರಿಗೆ ಸಲೀಸಾಗಿ ದಕ್ಕುವುದಿಲ್ಲ. ಎಲೆಯ ಅಂಚು ಸುಟ್ಟಂತೆ ಕಂದುತ್ತದೆ. ನಾವು ನೀರು ಕಡಿಮೆಯಾಯಿತು ಎಂದು ಅದೇ ಬೋರಿನ ನೀರನ್ನು ಇನ್ನೂ ಎರಡು ಕೊಡ ಸುರಿಯುತ್ತೇವೆ.

ಇಂಗ್ಲೆಂಡಿನ ಮೊಮ್ಮಗನ ಬೇಲಿಯಲ್ಲಿಯೂ ಹೆಚ್ಚುಕಡಿಮೆ ಇದೇ ಕಥೆ, ಉಪ್ಪಿನ ಬದಲು ಚಳಿ. ನಮ್ಮ ನಾಲ್ಕೂ ಊರುಗಳಲ್ಲಿ ಹಿಮ ಬೀಳುವುದಿಲ್ಲ. ಡಿಸೆಂಬರಿನಲ್ಲಿ ಮುಂಜಾನೆ ಮಂಜು ಮುಸುಕಿದರೆ ದ್ರಾಕ್ಷಿಯವರು ರೋಗ ಬಂದೀತೆಂದು ಅಂಜುತ್ತಾರೆ, ನಾವು ಕಂಬಳಿ ಹೊದೆಯುತ್ತೇವೆ, ಅಷ್ಟೇ. ಅಲ್ಲಿ ಶೂನ್ಯ ಡಿಗ್ರಿಗಿಂತ ಕೆಳಗಿಳಿದಾಗ ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಎಲೆ ಕರ್ರಗಾಗುತ್ತದೆ. ಮಣ್ಣೂ ಹೆಪ್ಪುಗಟ್ಟಿದರೆ ಬೇರಿಗೆ ಕುಡಿಯಲು ನೀರಿಲ್ಲ. ಮೇಲೆ ಬಿಸಿಲು ಬಿದ್ದರೆ ಸದಾ ಹಸಿರಾಗಿರುವ ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಎಲೆ ಉದುರಿಸಿ ನಿಂತ ಗಿಡಕ್ಕೆ ಈ ಖರ್ಚಿಲ್ಲ. ಎಲೆ ಹೊತ್ತು ನಿಂತದ್ದಕ್ಕೆ ಜಮಾ ಇಲ್ಲದೆ ಖರ್ಚು ಮಾತ್ರ. ಆದ್ದರಿಂದ ಅಲ್ಲಿ ದಪ್ಪ, ಮೇಣ ಸವರಿದಂಥ ಎಲೆಯ ಬಳ್ಳಿಯೇ ಬೇಕು.

ಮುಧೋಳದ ಅಕ್ಕಾವರೇ, ಮೊಮ್ಮಗನಿಗೆ ಹೀಗೆ ಹೇಳಿ. ಬಿಸಿಲು ಬೀಳುವ ಬೇಲಿಗೆ ಸ್ಟಾರ್ ಜಾಸ್ಮಿನ್ ಎಂಬ ಬಳ್ಳಿ ಒಳ್ಳೆಯದು. ಹೆಸರಿಗೆ ಮಲ್ಲಿಗೆ, ಪರಿಮಳವೂ ಮಲ್ಲಿಗೆಯಂಥದೇ, ಕುಲ ಮಾತ್ರ ನಮ್ಮ ಕಣಗಲದ್ದು. ಸಾಧಾರಣ ಹಿಮ ತಡೆಯುತ್ತದೆ. ಎಳೆಯದಿರುವಾಗ ಮೊದಲ ಎರಡು ಚಳಿಗಾಲ ರಾತ್ರಿ ಬಟ್ಟೆ ಹೊದಿಸಬೇಕು, ನೆಲ ಹೆಪ್ಪುಗಟ್ಟುವ ಮುನ್ನ ಒಮ್ಮೆ ಚೆನ್ನಾಗಿ ನೀರುಣಿಸಬೇಕು. ಐವಿ ಬಳ್ಳಿ ಇನ್ನೂ ಗಟ್ಟಿ, ಆದರೆ ಅದರ ಕಾಯಿ ತಿನ್ನಬಾರದು, ಬಿಟ್ಟರೆ ಗೋಡೆಯನ್ನೂ ಏರುತ್ತದೆ. ಬುಡದ ನೆಲಕ್ಕೆ ಹಬ್ಬುವ ಥೈಮ್ ಹಚ್ಚಲಿ. ಅದು ನಮ್ಮ ತುಳಸಿ, ದೊಡ್ಡಪತ್ರಿಗಳ ಕುಲದ್ದು, ಅಡಿಗೆಗೂ ಆಗುತ್ತದೆ.

ಈಗ ಮತ್ತೆ ಬನಹಟ್ಟಿಗೆ. ಬೇಲಿ ಅಂದರೆ ಒಂದೇ ಜಾತಿಯ ಗಿಡವನ್ನು ಸಾಲಾಗಿ ನಿಲ್ಲಿಸುವುದು ಎಂದು ನಾವು ತಿಳಿಯುತ್ತೇವೆ. ಇತಿಹಾಸದ ಒಂದು ದೊಡ್ಡ ಬೇಲಿಯ ಕಥೆ ಕೇಳಿ. ಬ್ರಿಟಿಷರ ಕಾಲದಲ್ಲಿ ಉಪ್ಪಿನ ಮೇಲೆ ಸುಂಕ ಇತ್ತು. ಸುಂಕ ತಪ್ಪಿಸಿ ಉಪ್ಪು ಸಾಗಿಸುವವರನ್ನು ಹಿಡಿಯಲು, ಸಿಂಧೂ ನದಿಯ ಕಡೆಯಿಂದ ಒರಿಸ್ಸಾದ ಮಹಾನದಿಯ ಕಡೆವರೆಗೆ ಸುಮಾರು 4,000 ಕಿ.ಮೀ. ಉದ್ದದ ಕಾವಲಿನ ಗೆರೆ ಎಳೆದಿದ್ದರು. ನಮ್ಮ ಕಡೆ ಅದು ಬಂದಿರಲಿಲ್ಲ. ಆ ಗೆರೆಯ ಉದ್ದಕ್ಕೆ ಮೊದಲು ಒಣ ಮುಳ್ಳು ಒಟ್ಟಿದರು. ಒರಲಿ ತಿಂದಿತು, ಬೆಂಕಿ ಬಿತ್ತು, ಗಾಳಿಗೆ ಹಾರಿತು. 1867ರಿಂದ 1870ರವರೆಗೆ ಅದರ ಉಸ್ತುವಾರಿ ಎ. ಓ. ಹ್ಯೂಮ್ ಎಂಬ ಅಧಿಕಾರಿಗೆ ಬಂತು. ಹೌದು, 1885ರಲ್ಲಿ ಕಾಂಗ್ರೆಸ್ ಸ್ಥಾಪಿಸಿದ ಸಾಹೇಬರೇ. ಅವರು ಒಣ ಬೇಲಿಯ ಜಾಗದಲ್ಲಿ ಜೀವಂತ ಬೇಲಿ ಬೆಳೆಸಲು ಹೊರಟರು. ಎಲ್ಲ ಕಡೆ ಒಂದೇ ಗಿಡ ಹಾಕಲಿಲ್ಲ. ಜಾಲಿ, ಬಾರಿ, ಕವಳಿ, ಪಾಪಾಸಕಳ್ಳಿ, ಹೀಗೆ ಆಯಾ ಮಣ್ಣಿಗೆ ಯಾವುದು ಒಗ್ಗುತ್ತದೋ ಅದು. 1879ರಲ್ಲಿ ಸರಕಾರ ಆ ಗೆರೆಯನ್ನೇ ಕೈಬಿಟ್ಟಿತು. ಬಡವರ ಉಪ್ಪಿಗೆ ಅಡ್ಡ ಕಟ್ಟಿದ ಬೇಲಿ, ಹೋದದ್ದೇ ಒಳ್ಳೆಯದಾಯಿತು. ಆದರೆ ಮಣ್ಣು ನೋಡಿ ಗಿಡ ಆರಿಸಿದ ಹ್ಯೂಮ್ ಸಾಹೇಬರ ಪದ್ಧತಿ ನಮ್ಮ 60 ಫೂಟಿಗೂ ಬೇಕು.

ತಂಗೀ, ಆಡು ಬರುವ ಕಡೆ ತಂತಿಯ ಹೊರಗೆ ಆಡುಸೋಗೆ ಹಚ್ಚಿಸು. ಇದು ಹಂಬು ಅಲ್ಲ, ಆಳೆತ್ತರದ ಗಿಡ. ಇದನ್ನೂ ಆಡು ಬಿಡುತ್ತದೆ, ಕಹಿಗಾಗಿ. ಇದರ ಶಾಸ್ತ್ರೀಯ ಹೆಸರಿನಲ್ಲಿರುವ ಅಡತೋಡ ಎಂಬುದು ತಮಿಳಿನಿಂದ ಬಂದದ್ದು, ಅರ್ಥ 'ಆಡು ಮುಟ್ಟದ್ದು'. ಯಾವಾಗಲೂ ಹಸಿರು, ಬಿಳಿ ಹೂ, ಟೊಂಗೆ ಚುಚ್ಚಿದರೆ ಬರುತ್ತದೆ. ತಮ್ಮ ಬಾಯಿಗೆ ಹಾಕಿದರೆ ಆ ಕಹಿಗೆ ತಾನೇ ಉಗುಳಿಯಾನು. ಕೆಮ್ಮಿಗೆ ಇದರ ಕಷಾಯ ಮಾಡುವ ರೂಢಿ ಇದೆ, ಆದರೆ ಡಾಕ್ಟರನ್ನು ಕೇಳದೆ ಬೇಡ, ಗರ್ಭಿಣಿಯರಿಗಂತೂ ಕೊಡಲೇಬಾರದು.

ತಂತಿಯ ಮೇಲೆ ಹಬ್ಬಿಸಲು ಮೂರು ಸಾಕು.

ಬಿಸಿಲು ಹೆಚ್ಚು ಹೊಡೆಯುವ, ನೀರು ಕೈಗೆಟುಕದ ಮೂಲೆಗೆ ಕಾಗದದ ಹೂ. ಬಿಸಿಲು ಬಿದ್ದಷ್ಟೂ ಅದಕ್ಕೆ ಖುಷಿ. ಬೇರೂರಿದ ಮೇಲೆ ನೀರು ಹೆಚ್ಚಾದರೆ ಬರೀ ಎಲೆ ಬಿಡುತ್ತದೆ, ಕಡಿಮೆಯಾದರೆ ಬಣ್ಣ ಬರುತ್ತದೆ. ನಾವು ಹೂ ಎನ್ನುವ ಆ ಬಣ್ಣದ ಕಾಗದಗಳು ನಿಜಕ್ಕೂ ಎಲೆಗಳು. ನಡುವೆ ಇರುವ ಸಣ್ಣ ಬಿಳಿ ಕೊಳವೆಯೇ ಹೂ. ಇದು ತಾನಾಗಿ ಸುತ್ತುವ ಬಳ್ಳಿಯಲ್ಲ, ಮುಳ್ಳು ಸಿಕ್ಕಿಸಿಕೊಂಡು ಒರಗುವ ಜಾತಿ, ಕಟ್ಟಿಕೊಡಬೇಕು. ಮುಳ್ಳಿರುವುದರಿಂದ ತಮ್ಮ ಆಡುವ ಜಾಗದಿಂದ ದೂರ ಇರಲಿ. ದಕ್ಷಿಣ ಅಮೆರಿಕಾದ ಈ ಗಿಡಕ್ಕೆ ಬೋಗನ್‌ವಿಲ್ಲಾ ಎಂಬ ಹೆಸರು ಬಂದದ್ದು 1766ರಿಂದ 1769ರವರೆಗೆ ಭೂಮಿ ಸುತ್ತಿದ ಫ್ರೆಂಚ್ ನಾವಿಕನಿಂದ. ಆ ಹಡಗಿನ ಸಸ್ಯವಿಜ್ಞಾನಿ ಕಾಮರ್ಸನ್‌ನ ಸಹಾಯಕನಾಗಿ ಗಂಡಸಿನ ವೇಷದಲ್ಲಿ ಹೋದವಳು ಝಾನ್ ಬಾರೆ ಎಂಬ ಹೆಣ್ಣುಮಗಳು. ಹೆಂಗಸರನ್ನು ಹಡಗು ಹತ್ತಿಸದ ಕಾಲ ಅದು. ಭೂಮಿಯನ್ನು ಸುತ್ತಿ ಬಂದ ಮೊದಲ ಮಹಿಳೆ ಎಂದು ಅವಳ ಹೆಸರೇ ದಾಖಲಾಗಿದೆ.

ಅಡಿಗೆಮನೆಯ ಕಡೆಗೆ ತೊಂಡಿ ಹಂಬು. ನೀರು ಸಿಕ್ಕರೆ ಬೇಸಿಗೆಯಲ್ಲೂ ಹಸಿರು, ಮೇಲೆ ಪಲ್ಯಕ್ಕೆ ಕಾಯಿ. ಬೇಲಿಗೆ ಹಾಕಿದ ಹಣಕ್ಕೆ ಬಡ್ಡಿ ಬರುವುದು ಇದೊಂದರಿಂದಲೇ. ಬೀಜ ಬೇಡ, ಚೆನ್ನಾಗಿ ಕಾಯಿ ಬಿಡುವ ಹಂಬಿನಿಂದ ತುಂಡು ತರಬೇಕು.

ಇವೆರಡರ ನಡುವೆ ಶಂಖಪುಷ್ಪ. ಅವರೆಯ ಕುಲದ್ದಾದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಎರಡು-ಮೂರು ವರ್ಷಕ್ಕೆ ಮುದಿಯಾಗುತ್ತದೆ, ಅಷ್ಟರಲ್ಲಿ ಬೀಜ ಚೆಲ್ಲಿ ಮರಿ ಎಬ್ಬಿಸಿರುತ್ತದೆ. ನೀಲಿ ಹೂವನ್ನು ಬಿಸಿನೀರಲ್ಲಿ ಹಾಕಿ, ನೀರು ನೀಲಿಯಾದ ಮೇಲೆ ಲಿಂಬಿಹಣ್ಣಿನ ರಸ ಹಿಂಡು. ಬಣ್ಣ ನೇರಳೆಗೆ ತಿರುಗುತ್ತದೆ. ಇನ್ನೊಂದು ಗ್ಲಾಸಿಗೆ ಚಿಟಿಕೆ ಸೋಡಾ ಹಾಕಿದರೆ ಹಸಿರಿನ ಕಡೆ ಹೋಗುತ್ತದೆ. ವಿಜ್ಞಾನದ ಮಾಸ್ತರರಿಗೆ ತೋರಿಸು.

ಅಮೃತಬಳ್ಳಿ ಗಟ್ಟಿ ಹಂಬು, ಆದರೆ ಬೇಸಿಗೆಯಲ್ಲಿ, ನಿನಗೆ ನೆರಳು ಬೇಕಾದಾಗಲೇ, ಎಲೆ ಉದುರಿಸಿ ಕೂಡುತ್ತದೆ. ಮಧುಮಾಲತಿ ಎನ್ನುವ ರಂಗೂನ್ ಬಳ್ಳಿಯ ಹೂ ಸಂಜೆ ಬೆಳ್ಳಗೆ ಅರಳಿ ಮರುದಿನ ಗುಲಾಬಿ, ಆಮೇಲೆ ಕೆಂಪಾಗುತ್ತದೆ. ನೋಡಲು ಹಬ್ಬ, ಆದರೆ ಅದರ ಭಾರಕ್ಕೆ ಜಾಳಿ ತಂತಿ ಬಾಗುತ್ತದೆ, ಕಲ್ಲಿನ ಕಮಾನಿಗೆ ಸರಿ. ಮನಿ ಪ್ಲಾಂಟ್ ಪಡುವಲ ಬಿಸಿಲಿಗೆ ಸುಟ್ಟುಹೋಗುತ್ತದೆ. ಹೆಸರಿನಲ್ಲಿ ದುಡ್ಡಿದೆ ಎಂದು ಕೊಳ್ಳುವವರಿದ್ದಾರೆ, ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ದುಡ್ಡು ಎಣಿಸಿದವನು ನಾನು, ಅದರಿಂದ ಒಂದು ಪೈಸೆ ಹುಟ್ಟಿದ್ದು ಕಂಡಿಲ್ಲ.

ಬುಡದ ನೆಲ ಬೋಳಾಗಿ ಬಿಡಬಾರದು. ಬೋಳು ನೆಲದಿಂದ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ, ಎರಿ ಬಿರಿದು ಬೇರು ಹರಿಯುತ್ತದೆ. ಅಲ್ಲಿಗೆ ಗೋಳಿ ಪಲ್ಯ ಮತ್ತು ಅದರ ತಂಗಿಯಂಥ ಹತ್ತು ಗಂಟೆ ಹೂ ಎಲ್ಲಕ್ಕಿಂತ ಮೇಲು. ಎರಡೂ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತವೆ, ಉಪ್ಪನ್ನೂ ತಕ್ಕಮಟ್ಟಿಗೆ ತಡೆಯುತ್ತವೆ. ಗೋಳಿ ಪಲ್ಯ ಊಟಕ್ಕೂ ಆಯಿತು. ಮಣ್ಣು ಸಿಹಿ ಇದ್ದ ಕಡೆ ಗೆಣಸಿನ ಹಂಬು ಹಬ್ಬಿಸಬಹುದು. ನಿತ್ಯಪುಷ್ಪ ಬಲು ಗಟ್ಟಿ ಗಿಡ, ಮಕ್ಕಳ ರಕ್ತದ ಕ್ಯಾನ್ಸರಿಗೆ ಔಷಧ ಕೊಟ್ಟ ಗಿಡ. ಆದರೆ ಹಸಿ ಎಲೆ ತಿಂದರೆ ವಿಷ, ತಮ್ಮ ದೊಡ್ಡವನಾಗುವ ತನಕ ತಡೆ. ಹಳದಿ ಹೂವಿನ ವೆಡೇಲಿಯಾವನ್ನು ಯಾರು ಎಷ್ಟು ಹೊಗಳಿದರೂ ತರಬೇಡ. ಮಧ್ಯ ಅಮೆರಿಕಾದ ಕಡೆಯಿಂದ ಬಂದದ್ದು, ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಕಾಲುವೆ ದಂಡೆಗೆ ಒಂದು ತುಂಡು ಹಾರಿದರೂ ಸಾಕು.

ಈಗ ಲೆಕ್ಕ. 60 ಫೂಟು ಬೇಲಿ, 5 ಫೂಟಿಗೊಂದು ಹಂಬು. ಎಷ್ಟು ತಗ್ಗು ತೋಡಬೇಕು? 12 ಎಂದವರು ಮತ್ತೊಮ್ಮೆ ಎಣಿಸಿ. ಎರಡೂ ತುದಿಯ ಕಂಬಕ್ಕೆ ಒಂದೊಂದು ಬೇಕಲ್ಲ, 13. ಕಾಗದದ ಹೂ 4, ತೊಂಡಿ 5, ಶಂಖಪುಷ್ಪ 4, ತಾಳೆಯಾಯಿತು. ಒಂದಕ್ಕೆ 5 ಲೀಟರಿನಂತೆ ವಾರಕ್ಕೆರಡು ಸಲ ನೀರು ಹಾಕಿದರೆ 130 ಲೀಟರ್, ಹತ್ತು ಲೀಟರಿನ 13 ಬಕೆಟ್. ಮೊದಲ ಬೇಸಿಗೆ ಇಷ್ಟು ಬೇಕು. ಮುಂದಿನ ವರ್ಷ ಕಾಗದದ ಹೂವಿನ ಪಾಲನ್ನು ತೊಂಡಿಗೆ ಕೊಡಬಹುದು.

ತಗ್ಗು ಒಂದೂವರೆ ಫೂಟು ಆಳ ಇರಲಿ. ಒಂದು ಬಕೆಟ್ ನೀರು ಸುರಿದು ನೋಡು. ಮರುದಿನ ಮುಂಜಾನೆಗೂ ನೀರು ನಿಂತಿದ್ದರೆ ಅಲ್ಲಿ ತಗ್ಗಿನಲ್ಲಿ ಹಚ್ಚದೆ, ನೆಲದಿಂದ ಒಂದು ಫೂಟು ಮಣ್ಣು ಏರಿಸಿ ಅದರ ಮೇಲೆ ಹಚ್ಚಬೇಕು. ಮಸಾರಿ ಮಣ್ಣು, ಹಳೆಯ ತಿಪ್ಪೆ ಗೊಬ್ಬರ ಬೆರೆಸಿರಿ. ಬಿಳಿ ಪುಡಿ ಬಹಳ ಕಂಡರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಮಣ್ಣು ಪರೀಕ್ಷೆ ಮಾಡಿಸಿಯೇ ಜಿಪ್ಸಂ ಹಾಕಿರಿ. ಮನೆಯಲ್ಲಿ ನೀರು ಶುದ್ಧ ಮಾಡುವ ಆರ್.ಓ. ಯಂತ್ರ ಇದ್ದರೆ ಅದು ಹೊರಗೆ ಬಿಡುವ ನೀರು ಬೋರಿನ ನೀರಿಗಿಂತ ಹೆಚ್ಚು ಉಪ್ಪು, ಗಿಡಕ್ಕೆ ಹಾಕಬೇಡಿ.

ಗದ್ದೆಯವರು ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುವ ಮೊದಲು ಎರಡು ಹೊರೆ ಕೇಳಿ ತನ್ನಿ. ಬುಡದ ಸುತ್ತ ನಾಲ್ಕು ಬೆರಳು ದಪ್ಪ ಹಾಸಿ, ಕಾಂಡದಿಂದ ಒಂದು ಗೇಣು ಬಿಟ್ಟು, ಇಲ್ಲದಿದ್ದರೆ ಒರಲಿ ಏರುತ್ತದೆ. ಏಪ್ರಿಲ್ ಬಿಸಿಲಿಗೆ ಕಾದ ತಂತಿ ಎಳೆ ಕುಡಿಯನ್ನು ಸುಡುತ್ತದೆ. ಬನಹಟ್ಟಿಯಲ್ಲಿ ಮಗ್ಗಗಳಿಗೆ ಬರವೇ? ಉಳಿದ ಹತ್ತಿ ನೂಲನ್ನು ಹುರಿ ಮಾಡಿ ತಂತಿಯ ಮೇಲೆ ಇಳಿಬಿಟ್ಟರೆ ಹಂಬು ಅದನ್ನೇ ಹಿಡಿದು ಏರುತ್ತದೆ.

ಅಜ್ಜಿಯ ಆಡುಗಳು ತೊಂಡಿ, ಶಂಖಪುಷ್ಪ ಎರಡನ್ನೂ ಇಷ್ಟಪಟ್ಟು ತಿನ್ನುತ್ತವೆ, ಕಾಗದದ ಹೂವಿನ ಎಳೆ ಎಲೆಯನ್ನೂ ಬಿಡುವುದಿಲ್ಲ. ತಿನ್ನಲಿ, ಅವುಗಳಿಗೆ ಕೇಡಿಲ್ಲ. ಮೊದಲ ವರ್ಷ ಮಾತ್ರ ಸಸಿಯ ಸುತ್ತ ಜಾಲಿ ಮುಳ್ಳಿನ ಟೊಂಗೆ ನಿಲ್ಲಿಸಿ ಕಾಯಬೇಕು. ಹಂಬು ತಂತಿಯ ಮೇಲಕ್ಕೆ ಹೋದ ಮೇಲೆ ಕೆಳಗಿನ ನಾಲ್ಕು ಎಲೆ ಆಡಿನ ಪಾಲು.

ಮಿರಗದ ಮಳೆ ಒಂದೆರಡು ಚೆನ್ನಾಗಿ ಆದ ಮೇಲೆ ಹಚ್ಚಿದರೆ ಚಳಿಗಾಲದೊಳಗೆ ಬೇರು ಹಿಡಿಯುತ್ತದೆ. ಆ ಮಳೆ ಕೈಕೊಟ್ಟರೆ ಸೆಪ್ಟೆಂಬರಿನದು ಇದ್ದೇ ಇದೆ. ತೊಂಡಿ ತುಂಡು ತರಲು ಹೋದಾಗ ಪೆನ್ಸಿಲ್ ದಪ್ಪದ, ನಾಲ್ಕು ಗಿಣ್ಣಿರುವ ಬಲಿತ ಹಂಬು ಕೇಳು. ಬುಡದ ಕಡೆ ಓರೆಯಾಗಿ, ತುದಿಯ ಕಡೆ ನೇರವಾಗಿ ಕತ್ತರಿಸಿಸು. ಹಾಗಿದ್ದರೆ ಮನೆಗೆ ತಂದ ಮೇಲೆ ಯಾವುದು ಮೇಲೆ ಯಾವುದು ಕೆಳಗೆ ಎಂಬ ಗೊಂದಲ ಇರುವುದಿಲ್ಲ. ಎರಡು ಗಿಣ್ಣು ಮಣ್ಣೊಳಗೆ, ಎರಡು ಹೊರಗೆ.